ಎರ್ಮಿನಾಳ ಮಗು ಬಿಸಿಲಿಗೆ ಕಣ್ಣು ಬಿಡದ್ದು ಯಾಕೆ?

ಪೆಸಿಫಿಕ್ ಸಾಗರದ ಪಿಂಗೆಲಾಪ್ ದ್ವೀಪದಲ್ಲಿ ಮಗುವಿಗೆ ವರ್ಷ ತುಂಬಿತೆಂದರೆ ಊರಿಗೆಲ್ಲ ಊಟ. ಎರ್ಮಿನಾಳ ಮಗಳು ಲಿಹ್ನಾಗೆ ಬರುವ ಭಾನುವಾರ ವರ್ಷ ತುಂಬುತ್ತಿತ್ತು. ಹಂದಿ ಕೊಬ್ಬಿತ್ತು, ದೀವಿಹಲಸು ಬಲಿತಿತ್ತು. ಆದರೆ ಮಗು ಅಂಗಳಕ್ಕೆ ಬಂದರೆ ಸಾಕು, ಕಣ್ಣು ಬಿಗಿಮುಚ್ಚಿ ಅಮ್ಮನ ಎದೆಯಲ್ಲಿ ಮುಖ ಹುದುಗಿಸಿ ಅಳುತ್ತಿತ್ತು. ಅದಕ್ಕೆ ಮಸ್ಕುನ್ ಎಂದು ಊರಿಗೇ ಗೊತ್ತಾಗಿತ್ತು. ಮಸ್ಕುನ್ ಇದ್ದವರಿಗೆ ಬೆಳಕು ಚುಚ್ಚುತ್ತದೆ, ಬಣ್ಣ ಕಾಣುವುದಿಲ್ಲ, ದೂರದ್ದು ಮಂಜಾಗುತ್ತದೆ.

“ಬಸುರಿ ನಡುಹಗಲಲ್ಲಿ ದಂಡೆ ಮೇಲೆ ಓಡಾಡಬೇಡ ಅಂತ ಬಡ್ಕೊಂಡೆ. ಚಿಪ್ಪು ಆರಿಸೋಕೆ ಹೋದೆ. ಈಗ ನೋಡು, ಬಿಸಿಲು ಕೂಸಿನ ಕಣ್ಣೇ ತಿಂದ್ಹಾಕ್ತು!” ಅತ್ತೆ ಲೊರೀನಾ ಗುಡುಗಿದಳು. “ಊಟದ ದಿನ ಅವಳನ್ನ ಎತ್ಕೊಂಡು ಒಳಗೇ ಇರು. ನನ್ನ ಮರ್ಯಾದೆ ಕಳೀಬೇಡ.”

ಎರ್ಮಿನಾ ಮಗುವನ್ನು ಎತ್ತಿಕೊಂಡು ನೆರಳಿಗೆ ಸರಿದಳು. ತಪ್ಪು ತನ್ನದೇ ಎಂದು ಪಾಪ, ಅವಳೂ ನಂಬಿಬಿಟ್ಟಿದ್ದಳು. ಗಂಡ ಎಸ್ಟನ್ ದೋಣಿಗೆ ಹಗ್ಗ ಬಿಗಿಯುತ್ತ ಕಿವುಡನಂತೆ ಕೂತಿದ್ದ.

ಲಸಿಕೆ ಹಾಕಲು ಬಂದ ಆರೋಗ್ಯ ಕಾರ್ಯಕರ್ತೆ ಪೆರ್ಲಿಹ್ನಾಗೆ ಇದೆಲ್ಲ ಕೇಳಿಸಿತು.

“ಬಿಸಿಲಿಗೂ ಇದಕ್ಕೂ ಸಂಬಂಧವೇ ಇಲ್ಲ, ದೊಡ್ಡಮ್ಮ.”

“ಮತ್ತೆ ನಿನ್ನ ಸೂಜಿಯಿಂದ ಬಂತಾ?”

ಪೆರ್ಲಿಹ್ನಾ ನಗುತ್ತ ಕಡ್ಡಿ ಎತ್ತಿಕೊಂಡು ಮರಳಿನ ಮೇಲೆ ಒಂದು ದೊಡ್ಡ M, ಒಂದು ಚಿಕ್ಕ m ಬರೆದಳು. “ಕಣ್ಣಿನ ಈ ಗುಣಕ್ಕೆ ನಮ್ಮೊಳಗೆ ಒಂದು ಜೊತೆ ಜೀನ್ ಇರುತ್ತೆ. ಒಂದು ಅಮ್ಮ ಕೊಟ್ಟಿದ್ದು, ಒಂದು ಅಪ್ಪ ಕೊಟ್ಟಿದ್ದು. ದೊಡ್ಡ M ಬಣ್ಣ ಕಾಣಿಸೋ ಜೀನು. ಅದು ಪ್ರಬಲ, ಒಂದಿದ್ರೂ ಸಾಕು. ಚಿಕ್ಕ m ಮಸ್ಕುನ್‌ದು. ಅದನ್ನ ದುರ್ಬಲ ಅಂತಾರೆ, M ಪಕ್ಕದಲ್ಲಿದ್ರೆ ಬಾಯೇ ಬಿಡಲ್ಲ. Mm ಇರೋರಿಗೆ ಕಣ್ಣು ಚೆನ್ನಾಗೇ ಇರುತ್ತೆ, ಒಳಗೆ m ಇದೆ ಅಂತಾನೇ ಗೊತ್ತಿರಲ್ಲ. ಅವರು ವಾಹಕರು.”

ಎಸ್ಟನ್ ಹಗ್ಗ ಬಿಟ್ಟು ಎದ್ದುಬಂದ. “ನಮ್ಮ ಲಿಹ್ನಾಗೆ?”

“mm. ಒಂದು ಎರ್ಮಿನಾ ಕೊಟ್ಟಿದ್ದು, ಒಂದು ನೀನು ಕೊಟ್ಟಿದ್ದು.”

“ನನ್ನ ಮಗನಾ? ಅವನೇನು ಬಸುರಾಗಿ ದಂಡೆಗೆ ಹೋಗಿದ್ನಾ?” ಲೊರೀನಾ ರೇಗಿದಳು. “ಹಾಗಾದ್ರೆ ಇವರ ದೊಡ್ಡ ಮಗ ಹೆಂಗೆ ಚೆನ್ನಾಗಿದಾನೆ?”

ಪೆರ್ಲಿಹ್ನಾ ಮತ್ತೆ ಬರೆದಳು: MM, Mm, mM, mm. “ಇಬ್ಬರೂ ವಾಹಕರಾದ್ರೆ ಈ ನಾಲ್ಕರಲ್ಲಿ ಯಾವುದಾದ್ರೂ ಬರಬಹುದು. ನಾಲ್ಕರಲ್ಲಿ ಒಂದು ಪಾಲು ಮಸ್ಕುನ್. ಪ್ರತಿ ಬಸಿರಿಗೂ ಹೊಸದಾಗಿ ಇದೇ ಲೆಕ್ಕ. ದೊಡ್ಡಮ್ಮ, ನಿಮ್ಮ ತಮ್ಮನಿಗೂ ಮಸ್ಕುನ್ ಇತ್ತಲ್ವಾ? ಅಂದ್ರೆ ನಿಮ್ಮ ಅಪ್ಪ ಅಮ್ಮ ಇಬ್ಬರಲ್ಲೂ m ಇತ್ತು. ಅದು ನಿಮಗೆ, ನಿಮ್ಮಿಂದ ಎಸ್ಟನ್‌ಗೆ ಬಂದಿರಬಹುದು.”

ಲೊರೀನಾ ಮರಳಿನ ಮೇಲೆ ಕೂತು ಕೊನೆಯ mm ಹತ್ತಿರ ಬೆರಳಿಟ್ಟಳು.

“ನಮ್ಮಮ್ಮ ಬಿಸಿಲಲ್ಲಿ ಕೆಸು ಅಗೆಯೋಕೆ ಹೋಗಿದ್ಕೇ ತಮ್ಮ ಹಂಗಾದ ಅಂತ ಅಪ್ಪ ಬೈತಿದ್ದ. ನಾವೂ ಬೈತಿದ್ವಿ. ಅಮ್ಮ ಸಾಯೋವಾಗ ತಮ್ಮನ ಕೈ ಹಿಡ್ಕೊಂಡು, ತಪ್ಪಾಯ್ತು ಮಗಾ ಅಂದ್ಲು.” ಅವಳು ಸೊಸೆಯ ಕಡೆ ತಿರುಗಿದಳು. “ಏನೂ ತಪ್ಪು ಮಾಡಿರಲಿಲ್ಲವಲ್ಲೇ ಅವಳು!”

ಎರ್ಮಿನಾ ಬಂದು ಅತ್ತೆಯ ಪಕ್ಕದಲ್ಲಿ ಕೂತಳು. ಇಬ್ಬರೂ ಅತ್ತರು.

ಭಾನುವಾರ ಲಿಹ್ನಾ ಅಗಲ ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡು ಅಜ್ಜಿಯ ತೊಡೆ ಮೇಲೆ, ಎಲ್ಲರ ನಡುವೆ ಕೂತಿತ್ತು. ನೆರೆಯವಳೊಬ್ಬಳು “ಪಾಪ, ಎರ್ಮಿನಾ ದಂಡೆಗೆ ಹೋಗಿದ್ಲಂತೆ...” ಎಂದು ರಾಗ ತೆಗೆದಳು.

“ಕೂಸಿಗೆ ಬಂದಿದ್ದು ಎರಡೂ ಮನೆಯಿಂದ,” ಎಂದಳು ಲೊರೀನಾ. “ಬೈಯೋದಿದ್ರೆ ನನ್ನನ್ನೂ ಸೇರಿಸಿ ಬೈ.”

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮಗು ಬೆಳಕಿಗೆ ಕಣ್ಣು ಮುಚ್ಚಿದರೆ ಆರೋಗ್ಯ ಕೇಂದ್ರಕ್ಕೆ ಕರೆತನ್ನಿ. ಕನ್ನಡಕ ಕೊಡಿಸಿ, ಶಾಲೆಯಲ್ಲಿ ಕರಿಹಲಗೆಯ ಹತ್ತಿರ ಕೂರಿಸಿ. ಮನೆತನದಲ್ಲಿ ಮಸ್ಕುನ್ ಇದ್ದರೆ ಗಂಡ ಹೆಂಡತಿ ಇಬ್ಬರೂ ಬಂದು ವಿಚಾರಿಸಿ. ಹೆತ್ತವಳನ್ನು ಮಾತ್ರ ದೂರಬೇಡಿ. ಅವಳು ತಪ್ಪಾಯ್ತು ಎನ್ನುವಂತೆ ಮಾಡಬೇಡಿ.