ಎಂಟು ತಿಂಗಳ ಟೀಚರು

ಕುಂದಾಪುರದ ಹತ್ತಿರದ ಕೋಡಿಯ ವಿಜೇತಾಳಿಗೆ ಹೊರದೇಶದಲ್ಲಿ ಇಂಗ್ಲಿಷ್ ಕಲಿಸಬೇಕೆಂಬ ಆಸೆ ಹತ್ತಿದ್ದು ಬಡತನದಿಂದಲ್ಲ, ಯಾರ ಮೇಲಿನ ಸಿಟ್ಟಿನಿಂದಲೂ ಅಲ್ಲ. ಮನೆಯ ಗಂಡಸರೆಲ್ಲ ಬೋಟಿನಲ್ಲಿ ಹೋಗಿ ರತ್ನಗಿರಿ, ವೆರಾವಲ್ ಬಂದರುಗಳನ್ನು ನೋಡಿ ಬಂದವರು. ಹೆಂಗಸರು ಕಂಡದ್ದು ಕುಂದಾಪುರದ ಮೀನು ಮಾರ್ಕೆಟ್ಟು, ಹೆಚ್ಚೆಂದರೆ ಉಡುಪಿ. ತಾನೂ ಒಮ್ಮೆ ಬೇರೆ ದಡ ನೋಡಬೇಕು ಅಂತ ಅವಳಿಗೆ ಅನ್ನಿಸಿತ್ತು, ಅಷ್ಟೆ. ಇಂಗ್ಲಿಷಿನಲ್ಲಿ ಎಂ.ಎ. ಮುಗಿಸಿ, ಭಾಷೆ ಕಲಿಸುವ ಆನ್‌ಲೈನ್ ಕೋರ್ಸೊಂದನ್ನೂ ಮಾಡಿಕೊಂಡು, ವಂಡ್ಸೆಯ ಒಂದು ಸಣ್ಣ ಶಾಲೆಯಲ್ಲಿ ಯುಕೆಜಿ ಮಕ್ಕಳಿಗೆ ಪಾಠ ಹೇಳುತ್ತಿದ್ದಳು.

ತೊಡಕಾದದ್ದು ಅನುಭವದ ವಿಷಯಕ್ಕೆ. ಥಾಯ್ಲೆಂಡ್ ಇರಲಿ, ಕಾಂಬೋಡಿಯಾ ಇರಲಿ, ಎಲ್ಲರೂ ಕೇಳುತ್ತಿದ್ದದ್ದು ಕಡಿಮೆಯೆಂದರೆ ಎರಡು ವರ್ಷ. ಅವಳ ಬಳಿ ಇದ್ದದ್ದು ಎಂಟು ತಿಂಗಳು. ಹದಿನಾಲ್ಕು ಕಡೆ ಅರ್ಜಿ ಹಾಕಿದ್ದಳು. ಒಂಬತ್ತು ಕಡೆಯವರು ಉತ್ತರವನ್ನೇ ಕೊಡಲಿಲ್ಲ, ಉಳಿದವರು ಮರ್ಯಾದೆಯಿಂದ ಬೇಡವೆಂದರು.

ಕೊನೆಗೆ ಒಂದು ದಿನ ಧೈರ್ಯ ಮಾಡಿ ಹೆಡ್‌ಮಿಸ್ ರಾಜೀವಿ ಟೀಚರ ಮುಂದೆ ನಿಂತಳು. ಎರಡು ವರ್ಷ ಅಂತ ಒಂದು ಪತ್ರ ಬರೆದುಕೊಡಬಹುದಾ ಎಂದು ಕೇಳುವಾಗ ಅವಳ ದನಿ ಅವಳಿಗೇ ಕೇಳಿಸಲಿಲ್ಲ.

ರಾಜೀವಿ ಟೀಚರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಎಂಟ್ ತಿಂಗ್ಳ್ ಅಂದೇಳಿ ಬರದ್ ಕೊಡ್ತೆ ಮಗಾ. ಎರಡ್ ವರ್ಷ ಅಂದ್ರೆ ನನ್ ಕೈ ಬತ್ತಿಲ್ಲ. ಆದ್ರ್ ಆ ಎಂಟ್ ತಿಂಗ್ಳಗೆ ನೀನ್ ಎಂತೆಂತ ಮಾಡಿದ್ದೆ, ಅದ್ ಒಂದೂ ಬಿಡ್ದೆ ಬರೀತೆ."

ಹಾಗೆಯೇ ಬರೆದರು. ಅಳುವ ಮಕ್ಕಳನ್ನು ವಿಜೇತಾ ಹೇಗೆ ಸಮಾಧಾನ ಮಾಡುತ್ತಿದ್ದಳು, ಬಾಯಿ ಬಿಡದ ಮಗುವೊಂದು ದೀಪಾವಳಿ ರಜೆಯ ಹೊತ್ತಿಗೆ ಹೇಗೆ ಪದ್ಯ ಹೇಳಿತು, ಎಲ್ಲ ಸೇರಿ ಎರಡು ಪುಟ ತುಂಬಿತು. ಓದಿದಾಗ ವಿಜೇತಾಳಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಮನಸ್ಸು ಹಗುರಾಯಿತು. ಆ ಪತ್ರವನ್ನೇ ಇಟ್ಟು ವಿಯೆಟ್ನಾಮಿನ ಕಡಲತಡಿಯ ಊರೊಂದರ ಭಾಷಾ ಶಾಲೆಗೆ ಹದಿನೈದನೆಯ ಅರ್ಜಿ ಕಳಿಸಿದಳು. ವಾರದೊಳಗೆ ಸಂದರ್ಶನಕ್ಕೆ ಕರೆ ಬಂತು.

ಶನಿವಾರ ಮಧ್ಯಾಹ್ನ, ಮನೆಯ ಚಾವಡಿಯಲ್ಲಿ ಕೂತು ಲ್ಯಾಪ್‌ಟಾಪ್ ತೆರೆದಳು. ಆ ಕಡೆ ಶಾಲೆಯ ಮುಖ್ಯಸ್ಥೆ ಹೋವಾ ಎಂಬವರು, ಐವತ್ತರ ಹತ್ತಿರದ ಹೆಂಗಸು. ಅವರು ನೇರವಾಗಿ ವಿಷಯಕ್ಕೆ ಬಂದರು.

"ನಮ್ಮ ಮಕ್ಕಳಿಗೆ ಇಂಗ್ಲಿಷಿನ ಒಂದಕ್ಷರ ಬರುವುದಿಲ್ಲ. ನಿಮಗೆ ನಮ್ಮ ಭಾಷೆ ಬರುವುದಿಲ್ಲ. ಮೊದಲ ದಿನ ಏನು ಮಾಡುತ್ತೀರಿ?"

ವಿಜೇತಾ ಕೋರ್ಸಿನಲ್ಲಿ ಕಲಿತದ್ದನ್ನೆಲ್ಲ ಒಪ್ಪಿಸತೊಡಗಿದಳು. ಹೋವಾ ಸ್ವಲ್ಪ ಹೊತ್ತು ಕೇಳಿ, "ಇದು ಪುಸ್ತಕದ್ದು. ನೀವು ಹೀಗೆ ಯಾರಿಗಾದರೂ ಕಲಿಸಿದ್ದುಂಟಾ?" ಎಂದರು.

ವಂಡ್ಸೆಯ ಮಕ್ಕಳಿಗೆ ಅವಳು ಕನ್ನಡದಲ್ಲಿ ವಿವರಿಸಿಯೇ ಇಂಗ್ಲಿಷ್ ಕಲಿಸಿದ್ದು. ಇಲ್ಲ ಎನ್ನಲು ಬಾಯಿ ತೆರೆದವಳಿಗೆ ತಟ್ಟನೆ ಅಪ್ಪಯ್ಯನ ಬೋಟಿನ ಜನ ನೆನಪಾದರು.

ಅವಳ ಅಪ್ಪಯ್ಯ ಮಂಜ ಬೋಟಿನ ತಾಂಡೇಲ. ಬೋಟು ನಡೆಸುವುದು, ಬಲೆ ಎಲ್ಲಿ ಬಿಡಬೇಕೆಂದು ಹೇಳುವುದು ಅವನೇ. ಆ ವರ್ಷ ಮಳೆಗಾಲದ ರಜೆ ಮುಗಿದು ಬೋಟು ಕಡಲಿಗೆ ಇಳಿಯುವಾಗ ಒಡಿಶಾದಿಂದ ಆರು ಜನ ಹೊಸಬರು ಕೆಲಸಕ್ಕೆ ಬಂದಿದ್ದರು. ಅವರಿಗೆ ಕನ್ನಡ ಇಲ್ಲ, ಹಿಂದಿಯೂ ಅಷ್ಟಕ್ಕಷ್ಟೆ. ಒಂದು ಸಲ ಹಗ್ಗದ ನಡುವೆ ಒಬ್ಬನ ಕೈ ಸಿಕ್ಕಿಕೊಳ್ಳುವುದು ಸ್ವಲ್ಪದರಲ್ಲಿ ತಪ್ಪಿತು. ಅಂದು ಮನೆಗೆ ಬಂದ ಮಂಜ ಕಾಲು ತೊಳೆಯುವ ಮೊದಲೇ ಮಗಳನ್ನು ಕರೆದಿದ್ದ.

"ವಿಜೀ, ಈ ಜನಕ್ಕೆ ನಾಕ್ ಮಾತ್ ಕಲ್ಸಿ ಕೊಡ್ ಕಾಂಬ. ನಾನ್ ಬಿಡಿ ಅಂದ್ರೆ ಎಳಿತ್ರ್. ಎಳೀರಿ ಅಂದ್ರೆ ನನ್ ಮೊಕ ಕಾಂತ್ರ್."

ಅಲ್ಲಿಂದ ಪ್ರತಿ ಭಾನುವಾರ ಸಂಜೆ, ಬಲೆ ಇಡುವ ಶೆಡ್ಡಿನಲ್ಲಿ ಅವಳು ಅವರಿಗೆ ಕನ್ನಡ ಕಲಿಸಿದ್ದಳು. ಕೈಯಲ್ಲಿ ಒಂದು ಹಗ್ಗ, ಒಂದು ಬುಟ್ಟಿ, ಇದ್ದ ಮೀನು. ಮಾಡಿ ತೋರಿಸುವುದು, ಹೇಳುವುದು, ಅವರಿಂದ ಮಾಡಿಸುವುದು. ಮೂರು ತಿಂಗಳಲ್ಲಿ ಅವರು ಕುಂದಾಪುರದವರ ಹಾಗೆಯೇ ಅರ್ಧ ಅಕ್ಷರ ನುಂಗಿ ಮಾತಾಡತೊಡಗಿದ್ದರು. ಇದೂ ಒಂದು ಅನುಭವ ಅಂತ ಅವಳು ಎಲ್ಲಿಯೂ ಬರೆದಿರಲಿಲ್ಲ. ಅದು ಮನೆಗೆಲಸದ ಹಾಗೆ ನಡೆದುಹೋಗಿತ್ತು.

ಇದನ್ನೆಲ್ಲ ಕೇಳಿದ ಹೋವಾ ಕುರ್ಚಿ ಮುಂದಕ್ಕೆಳೆದುಕೊಂಡರು. "ನನಗೆ ಆ ತರಗತಿ ನೋಡಬೇಕು. ಆದರೆ ಇಂಗ್ಲಿಷ್ ಕಲಿಸಿ. ಕನ್ನಡ ಒಂದು ಮಾತೂ ಬೇಡ."

ಮರುದಿನವೇ ಭಾನುವಾರ. ವಿಜೇತಾ ವಿಡಿಯೋ ಕರೆಯಲ್ಲಿ ಹೋವಾರಿಗೆ ಎಲ್ಲ ಕಾಣುವಂತೆ ಶೆಡ್ಡಿನ ಕಂಬಕ್ಕೆ ಫೋನನ್ನು ಕಟ್ಟಿದಳು. ಆರೂ ಜನ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ಹಾಕಿ ಬಂದು ಕೂತಿದ್ದರು. ಅವರ ಪಕ್ಕ ಮಂಜನೂ ಕೂತ.

"ಅಪ್ಪಯ್ಯ, ನೀವ್ ಎಂತಕೆ?"

"ನಂಗೂ ಬತ್ತಿಲ್ಲಲೆ" ಎಂದ ಮಂಜ.

ಅವಳು ಹಗ್ಗ ಕೈಗೆತ್ತಿಕೊಂಡಳು. ಪುಲ್ ಎಂದಳು, ಎಳೆದಳು. ಸ್ಟಾಪ್ ಎಂದಳು, ನಿಂತಳು. ಆಮೇಲೆ ಹಗ್ಗವನ್ನು ಅವರ ಕೈಗೇ ಕೊಟ್ಟಳು. ಮೊದಲು ದನಿ ಏಳಲಿಲ್ಲ. ನಾಲ್ಕನೆಯ ಸಲ ಇಡೀ ಶೆಡ್ಡು ಪುಲ್ ಎಂದು ಕೂಗಿತು. ಅವರಲ್ಲಿ ಹಿರಿಯನಾದ ಬಿರಂಚಿ ತಾನೇ ಎದ್ದು ನಿಂತು ಉಳಿದವರಿಗೆ ಅಪ್ಪಣೆ ಕೊಡಲು ಶುರುಮಾಡಿದ. ಮಂಜ ಮಾತ್ರ ಸ್ಟಾಪ್ ಎಂದಾಗಲೂ ಎಳೆಯುತ್ತಲೇ ಇದ್ದ. ಬಿರಂಚಿ ಸೊಂಟದ ಮೇಲೆ ಕೈಯಿಟ್ಟು, "ಹ್ವಾಯ್ ತಾಂಡೇಲ್ರೇ, ಸ್ಟಾಪ್ ಅಂದ್ರೆ ನಿಲ್ಕ್" ಎಂದ. ಎಲ್ಲರಿಗಿಂತ ಮೊದಲು ನಕ್ಕವನು ಮಂಜ. ಕನ್ನಡದ ಆ ಒಂದು ಮಾತನ್ನು ಹೋವಾ ಲೆಕ್ಕಕ್ಕೆ ಹಿಡಿಯಲಿಲ್ಲ. ಪರದೆಯ ಮೇಲೆ ಅವರೂ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರು.

ಗುರುವಾರ ಉತ್ತರ ಬಂತು. ಒಂದು ವರ್ಷಕ್ಕೆ ಸಹಾಯಕ ಟೀಚರು, ಮೊದಲ ಮೂರು ತಿಂಗಳು ಹಿರಿಯರೊಬ್ಬರ ಜೊತೆಯಲ್ಲಿ ಪಾಠ, ಇರಲು ಶಾಲೆಯದೇ ಕೋಣೆ. ದೊಡ್ಡ ಕೆಲಸವೇನಲ್ಲ. ಆದರೆ ಅರ್ಜಿಯಲ್ಲಿ ಬರೆದ ಒಂದೊಂದು ಮಾತೂ ನಿಜವಾಗಿದ್ದ ಕೆಲಸ. ಅವಳು ಪತ್ರವನ್ನು ಮೊದಲು ತೋರಿಸಿದ್ದು ರಾಜೀವಿ ಟೀಚರಿಗೆ. ಅವರು ಎರಡು ಸಲ ಓದಿ, "ಪರೀಕ್ಷೆ ಮುಗ್ಸಿಯೇ ಹೋಯ್ಕ್, ಹಾಂ" ಎಂದಷ್ಟೇ ಹೇಳಿ ಅವಳ ಬೆನ್ನು ತಟ್ಟಿದರು.

ಮನೆಗೆ ಬಂದಾಗ ಅಮ್ಮ ವನಜ ಮಾರ್ಕೆಟ್ಟಿನಿಂದ ಆಗಷ್ಟೇ ಬಂದು ಬುಟ್ಟಿ ತೊಳೆಯುತ್ತಿದ್ದಳು. ಸುದ್ದಿ ಕೇಳಿ ಕೈ ನಿಲ್ಲಿಸಿದಳು.

"ಅಲ್ಲ್ ಮೀನ್ ಸಿಕ್ಕತ್ತಾ?"

"ಕಡ್ಲ್ ಬದಿ ಊರೇ ಅಮ್ಮ. ಬಂಗ್ಡಿಯೂ ಇತ್ತಂಬ್ರ್."

"ಹಾಂಗಾರೆ ಅಡ್ಡಿಲ್ಲ" ಎಂದಳು ವನಜ. ಬುಟ್ಟಿಗೆ ಇನ್ನೊಂದು ಚೊಂಬು ನೀರು ಸುರಿದು, "ರೇಟ್ ಎಷ್ಟ್ ಅಂದೇಳಿ ಹೋದ್ ಕೂಡ್ಲೆ ಫೋನ್ ಮಾಡ್" ಎಂದು ಸೇರಿಸಿದಳು.

ವಿಜೇತಾ ನಗುತ್ತ ಅಮ್ಮನ ಪಕ್ಕ ಕುಕ್ಕರಗಾಲಲ್ಲಿ ಕೂತು, ಉಳಿದ ಬುಟ್ಟಿಯನ್ನು ತನ್ನತ್ತ ಎಳೆದುಕೊಂಡಳು.