ಲವೀನಾ ಹೇಳಿದ ಸೆಪ್ಟೆಂಬರ್

ಎಲ್ಫಾಸ್ ವಫುಲಾನ ಎಡ ಮೊಣಕಾಲಿನ ಬಗ್ಗೆ ಲವೀನಾಳಿಗೆ ಗೊತ್ತಿದ್ದಷ್ಟು ಅವನ ಹೆತ್ತ ತಾಯಿಗೂ ಗೊತ್ತಿರಲಿಲ್ಲ.

ವಫುಲಾ ನಾರ್ವೆಯ ಅತಿ ದೊಡ್ಡ ಫುಟ್‌ಬಾಲ್ ಲೀಗ್‌ನಲ್ಲಿ, ಸ್ಟ್ರಾಂಡ್‌ನೆಸ್ ಎಂಬ ಸಣ್ಣ ಊರಿನ ಕ್ಲಬ್ಬಿಗೆ ಆಡುವ ಡಿಫೆಂಡರ್. ಡಿಸೆಂಬರ್ ರಜೆಗೆ ತನ್ನೂರಾದ ನೈರೋಬಿಗೆ ಬಂದವನು ಹಳೆಯ ಗೆಳೆಯರ ಜೊತೆ ಸುಮ್ಮನೆ ಆಡಲು ಹೋಗಿ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡಿದ್ದ. ಅಲ್ಲಿನ ಅಪ್ಪರ್ ಹಿಲ್‌ನ ಆಸ್ಪತ್ರೆಯಲ್ಲಿ ಮೈಸೂರಿನ ಡಾಕ್ಟರ್ ಚಿದಾನಂದ ಆಪರೇಷನ್ ಮಾಡಿದರು. ಅವನನ್ನು ಮತ್ತೆ ಓಡಿಸುವ ಕೆಲಸ ಸೌತ್ ಬಿ ಬಡಾವಣೆಯಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ನಡೆಸುವ ಲವೀನಾಳ ಪಾಲಿಗೆ ಬಂತು. ಕರಾವಳಿಯ ಶಿರ್ವದವಳು, ನೈರೋಬಿಗೆ ಬಂದು ಹದಿನಾರು ವರ್ಷ. ಆಫ್‌ಸೈಡ್ ಎಂದರೇನೆಂದು ಇವತ್ತಿಗೂ ಅವಳಿಗೆ ಸರಿಯಾಗಿ ತಿಳಿಯದು. ಆದರೆ ಮೊದಲ ದಿನವೇ ಕಾಲು ಹಿಡಿದು ನೋಡಿ, ಅರ್ಧ ಇಂಗ್ಲಿಷ್ ಅರ್ಧ ಸ್ವಾಹಿಲಿಯಲ್ಲಿ ಅವನಿಗೆ ಹೇಳಿದ್ದಳು: "ಸೆಪ್ಟೆಂಬರ್ ಕೊನೆಗೆ ಆಡ್ತೀಯ. ಅದಕ್ಕೆ ಮೊದಲು ಕೇಳ್ಬೇಡ."

ಮಾರ್ಚ್ ಕೊನೆಯಲ್ಲಿ ನಾರ್ವೆಯ ಸೀಸನ್ ಶುರುವಾಯಿತು. ಹದಿನಾರು ತಂಡ, ಮೂವತ್ತು ಸುತ್ತು. ಕೊನೆಯ ಎರಡು ತಂಡಗಳು ನೇರವಾಗಿ ಕೆಳಗಿನ ಲೀಗಿಗೆ. ಹದಿನಾಲ್ಕನೆಯದು ಉಳಿಯಲು ಕೆಳಗಿನ ಲೀಗಿನ ತಂಡವೊಂದರ ಜೊತೆ ಆಡಿ ಗೆಲ್ಲಬೇಕು. ಹನ್ನೊಂದು ಸುತ್ತು ಮುಗಿಯುವಷ್ಟರಲ್ಲಿ ಸ್ಟ್ರಾಂಡ್‌ನೆಸ್ ಗೆದ್ದದ್ದು ಎರಡೇ ಪಂದ್ಯ. ಎಲ್ಲರಿಗಿಂತ ತಳದಲ್ಲಿತ್ತು.

ಜೂನ್‌ನಲ್ಲಿ ಕ್ಲಬ್ಬಿನವರು ಚಿದಾನಂದರಿಗೆ ಫೋನ್ ಮಾಡಿದರು. ಜುಲೈ ಕೊನೆಗೆ ವಫುಲಾ ಬರದಿದ್ದರೆ ಮುಂದಿನ ವರ್ಷ ಅವನಿಗೆ ಜಾಗವಿಲ್ಲ. ಡಾಕ್ಟರು ತಾವೇ ಕ್ಲಿನಿಕ್ಕಿಗೆ ಬಂದರು.

"ಹುಡುಗನ ಕೆಲ್ಸಾನೇ ಹೋಗೋ ಹಾಗಿದೆ ಲವೀನಾ. ಸ್ಕ್ಯಾನ್ ಕ್ಲೀನ್ ಇದೆ. ಆಡ್ಬಹುದು ಅಂತ ಸೈನ್ ಹಾಕ್ಬಿಡ್ಲಾ?"

"ಸ್ಕ್ಯಾನ್ ಮಲಗಿರೋ ಕಾಲು ತೋರ್ಸತ್ತೆ, ಡಾಕ್ಟ್ರೇ. ನಂಗೆ ಓಡೋ ಕಾಲು ಬೇಕು."

ವಫುಲಾನನ್ನು ಕರೆದು ಒಂಟಿ ಕಾಲಲ್ಲಿ ಜಿಗಿಯಲು ಹೇಳಿದಳು. ಬಲಗಾಲಲ್ಲಿ ನೂರ ತೊಂಬತ್ತಾರು ಸೆಂಟಿಮೀಟರ್ ಹಾರಿದ. ಎಡಗಾಲಲ್ಲಿ ನೂರ ಐವತ್ತು.

"ಇಷ್ಟು ಬಾಕಿ ಇದೆ. ಅವ್ರ ಮೈದಾನ ಪ್ಲಾಸ್ಟಿಕ್ ಹುಲ್ಲು. ಬೂಟು ಕಚ್ಕೊಂಡ್ರೆ ಮೈ ತಿರುಗತ್ತೆ, ಕಾಲು ತಿರುಗಲ್ಲ. ಮತ್ತೆ ನೀವೇ ಕತ್ತರಿಸ್ಬೇಕಾಗತ್ತೆ."

ಚಿದಾನಂದರು ಕನ್ನಡಕ ತೆಗೆದು ಒರೆಸಿಕೊಂಡರು. "ಕ್ಲಬ್ಬಿನವ್ರಿಗೆ ಯಾರಮ್ಮ ಹೇಳೋದು?"

"ನಂಬರ್ ಕೊಡಿ. ನಾನೇ ಹೇಳ್ತೀನಿ."

ಮರುದಿನ ವಿಡಿಯೋ ಕರೆಯಲ್ಲಿ ಹೇಳಿಯೇಬಿಟ್ಟಳು. ಜುಲೈಗೆ ಕರೆಸಿಕೊಂಡರೆ ಎರಡು ಪಂದ್ಯಕ್ಕೆ ಒಬ್ಬ ಆಟಗಾರ ಸಿಗುತ್ತಾನೆ, ಕಾದರೆ ಕೊನೆಯ ಎಂಟಕ್ಕೂ ಸಿಗುತ್ತಾನೆ, ಆಯ್ಕೆ ನಿಮ್ಮದು. ಕ್ಲಬ್ಬಿನ ವೈದ್ಯ ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡ.

ಒಪ್ಪದವನು ವಫುಲಾ. ಮಾರನೆಯ ದಿನ ಅವನು ಬರಲಿಲ್ಲ. ಬೇರೆ ಟ್ರೇನರ್ ಹಿಡಿದು ಎನ್‌ಗಾಂಗ್ ಬೆಟ್ಟದಲ್ಲಿ ಓಡುತ್ತಿದ್ದಾನೆಂದು ಸುದ್ದಿ ಬಂತು. ಹತ್ತನೆಯ ದಿನ ಊದಿದ ಮೊಣಕಾಲು ಎಳೆದುಕೊಂಡು ಬಾಗಿಲಲ್ಲಿ ನಿಂತ. ಲವೀನಾ ಕೂರಿಸಿ ಐಸ್ ಇಟ್ಟಳು.

"ಬೈಯಲ್ವಾ?" ಎಂದ.

"ಬೈದ್ರೆ ಊತ ಇಳಿಯತ್ತಾ? ತಾರೀಖು ಬದಲಾಗಲ್ಲ. ನಾಳೆಯಿಂದ ಬೆಳಿಗ್ಗೆ ಆರಕ್ಕೆ ಬಾ."

ಆಮೇಲೆ ಅವನು ಒಂದು ದಿನವೂ ತಪ್ಪಿಸಲಿಲ್ಲ. ಆಗಸ್ಟ್‌ನಲ್ಲಿ ಅವಳು ಹಾಕಿ ಆಟದ ಕ್ಲಬ್ಬೊಂದರ ಕೃತಕ ಹುಲ್ಲಿನ ಮೈದಾನವನ್ನು ಕೇಳಿ ಪಡೆದಳು. ಆ ತಿಂಗಳ ಚಳಿಯಲ್ಲಿ ಸ್ವೆಟರ್ ಹಾಕಿಕೊಂಡು, ಬಾಯಲ್ಲಿ ಸೀಟಿ ಕಚ್ಚಿಕೊಂಡು ನಿಲ್ಲುತ್ತಿದ್ದಳು. ಒಂದು ಸೀಟಿಗೆ ಎಡಕ್ಕೆ, ಎರಡಕ್ಕೆ ಬಲಕ್ಕೆ. ಸೆಪ್ಟೆಂಬರ್ ಇಪ್ಪತ್ತರಂದು ಎಡಗಾಲು ನೂರ ತೊಂಬತ್ತೊಂದು ಹಾರಿತು. ಲವೀನಾ ಟೇಪು ಸುತ್ತಿ ಬ್ಯಾಗಿಗೆ ಹಾಕಿ, "ಹೋಗು," ಎಂದಳು. ಅದೇ ವಾರ ಅವನು ಎಂಬಕಸಿ ನಿಲ್ದಾಣದಿಂದ ನಾರ್ವೆಗೆ ವಿಮಾನ ಹತ್ತಿದ.

ಎಂಟು ಸುತ್ತು ಉಳಿದಿದ್ದವು. ಮೊದಲ ಪಂದ್ಯದಲ್ಲಿ ಅರ್ಧ ಗಂಟೆ, ನಂತರ ಪೂರ್ತಿ ಆಡಿದ. ತಂಡ ಸೋಲುವುದನ್ನು ಬಿಟ್ಟಿತು. ಭಾನುವಾರ ಸಂಜೆಗಳಲ್ಲಿ ಲವೀನಾ ಗಂಡ ಸುನಿಲ್‌ನ ಪಕ್ಕ ಕೂತು ಟಿವಿಯಲ್ಲಿ ನೋಡುತ್ತಿದ್ದಳು.

"ಗೋಲ್! ನೋಡಿದ್ಯಾ?"

"ಇಲ್ಲ, ಎಲ್ಫಾಸ್ ತಿರುಗಿದ್ದು ನೋಡ್ತಿದ್ದೆ. ಚೆನ್ನಾಗಿ ತಿರುಗಿದ."

ಕೊನೆಯ ಸುತ್ತಿನ ದಿನ ಚಿದಾನಂದರೂ ಅವರ ಹೆಂಡತಿ ವಿಮಲಾ ಅವರೂ ಮನೆಗೆ ಬಂದಿದ್ದರು. ಸ್ಟ್ರಾಂಡ್‌ನೆಸ್ ಹದಿನಾಲ್ಕನೆಯದು, ಗೆದ್ದರೆ ಉಳಿಯುತ್ತದೆ. ಮೈದಾನದ ಅಂಚಿನಲ್ಲಿ ಹಿಮ ಗುಡ್ಡೆ ಹಾಕಿದ್ದರು. ಒಂದು ಗೋಲು ಮುಂದಿದ್ದಾಗ, ಎಂಬತ್ತೆಂಟನೆಯ ನಿಮಿಷಕ್ಕೆ ಎದುರಾಳಿಯೊಬ್ಬ ಚೆಂಡಿನೊಂದಿಗೆ ಒಂಟಿಯಾಗಿ ನುಗ್ಗಿದ. ವಫುಲಾ ಅರ್ಧ ಮೈದಾನ ಅಟ್ಟಿಸಿಕೊಂಡು ಬಂದ. ಗೋಲ್‌ಕೀಪರನ್ನು ದಾಟಿ ಚೆಂಡು ಉರುಳುತ್ತಿತ್ತು. ಪೂರ್ತಿ ಭಾರ ಎಡಗಾಲಿನ ಮೇಲೆ ಹಾಕಿ ಗಕ್ಕನೆ ತಿರುಗಿ, ಅದು ಗೋಲಿನ ಗೆರೆ ದಾಟುವ ಮೊದಲೇ ಬಲಗಾಲಲ್ಲಿ ಆಚೆ ಒದ್ದು, ತಾನೂ ಉರುಳಿಬಿದ್ದ.

ಲವೀನಾ ಅವನ ಎಡಗಾಲನ್ನೇ ನೋಡುತ್ತಿದ್ದಳು. ವಫುಲಾ ಎದ್ದು ಓಡಿದ. ಕುಂಟಲಿಲ್ಲ. ಆಗ ಅವಳು ಎದ್ದು ನಿಂತು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿತು.

ಹದಿಮೂರನೆಯ ಸ್ಥಾನ. ಕ್ಲಬ್ಬು ಉಳಿಯಿತು.

"ಜೂನ್‌ನಲ್ಲೇ ಸೈನ್ ಹಾಕೋದ್ರಲ್ಲಿದ್ದೆ ಕಣಮ್ಮ," ಎಂದರು ಚಿದಾನಂದರು.

"ಗೊತ್ತು ಡಾಕ್ಟ್ರೇ. ಕಾಫಿ ತಗೊಳ್ಳಿ."

ಸೋಮವಾರ ಕ್ಲಬ್ಬಿನ ವೈದ್ಯನಿಂದ ಪತ್ರ ಬಂತು. ತಮ್ಮ ಗೋಲ್‌ಕೀಪರ್‌ನ ಭುಜ ತೊಂದರೆ ಕೊಡುತ್ತಿದೆ, ನೈರೋಬಿಗೆ ಕಳಿಸಬಹುದೇ ಎಂದು ಕೇಳಿದ್ದ. ಲವೀನಾ ಎರಡು ಸಾಲು ಉತ್ತರ ಬರೆದು, ರಿಸೆಪ್ಷನ್‌ನ ಕೋಕಿಲಾಳನ್ನು ಕರೆದಳು. ಜನವರಿಯ ಬೆಳಗಿನ ಸಮಯಗಳನ್ನೆಲ್ಲ ಖಾಲಿ ಇಡಲು ಹೇಳಿದಳು.