ಹಿತ್ತಾಳೆಯ ಮೇಲೆ ಮೂರನೇ ಹೆಸರು

ನಾನು ಒಂದು ಹಸಿರು ಬೋರ್ಡು. ಅಂಗೈಯಷ್ಟು ಅಗಲ, ರೊಟ್ಟಿಯಷ್ಟು ದಪ್ಪ. ಕೆತ್ತುವ ಯಂತ್ರಕ್ಕೆ ನಾನೇ ತಲೆ. ಕಂಪ್ಯೂಟರು ಕಳಿಸುವ ಅಂಕಿಗಳನ್ನು ಓದಿ, ಎಡಕ್ಕೆ ನಡೆ, ಬಲಕ್ಕೆ ನಡೆ, ಕೆತ್ತುವ ಮೊಳೆ ಇಳಿಸು ಎಂದು ಮೂರು ಮೋಟರುಗಳಿಗೆ ಹೇಳುವುದು ನನ್ನ ಕೆಲಸ. ಇಂಥ ಯಂತ್ರವನ್ನು ಜನ ಸಿಎನ್‌ಸಿ ಎನ್ನುತ್ತಾರೆ, ನನ್ನನ್ನು ಕಂಟ್ರೋಲರ್ ಎನ್ನುತ್ತಾರೆ.

ನಾನು ಹುಟ್ಟಿದ್ದು ಕಡಲಾಚೆಯ ಯಾವುದೋ ಊರಿನಲ್ಲಿ. ಮೈಮೇಲಿನ ಬೆಸುಗೆಯ ಬಿಸಿ ಆರುವ ಮೊದಲೇ ನನಗೊಂದು ಮೋಸ ಆಗಿಹೋಯಿತು. ನನ್ನ ಒಂದು ಮೂಲೆಯಲ್ಲಿ ಕಿರುಬೆರಳ ಉಗುರಿನಷ್ಟು ಕಪ್ಪು ಚಿಪ್ ಇದೆ. ಯುಎಸ್‌ಬಿ ತಂತಿಯಲ್ಲಿ ಬರುವ ಮಾತನ್ನು ನನಗೆ ತಿಳಿಯುವ ಮಾತಿಗೆ ತಿರುಗಿಸುವ ದುಭಾಷಿ ಅದು. ಅದನ್ನು ಮಾಡಿದವರು ಒಬ್ಬರು, ಅದರ ಬೆನ್ನಿಗೆ ಅಚ್ಚು ಹೊಡೆದದ್ದು ಇನ್ನೊಬ್ಬರ ಹೆಸರು. ಅಗ್ಗಕ್ಕೆ ಸಿಕ್ಕಿತು, ತಂದು ಬೆಸೆದರು. ನನ್ನನ್ನು ಯಾರು ಕೇಳುತ್ತಾರೆ? ನನ್ನ ಸಿಟ್ಟು ಅಂದಿನದು.

ಪೆಟ್ಟಿಗೆಗಟ್ಟಲೆ ನಮ್ಮನ್ನು ತರಿಸಿದವನು ಹುಬ್ಬಳ್ಳಿಯ ಡೀಲರ್ ಸುಭಾಸ. ಎಣ್ಣೆ ಹಚ್ಚಿದ ಕೂದಲು, ಯಾವಾಗಲೂ ನಗುಮುಖ. ಅವನು ನನ್ನನ್ನು ಒಂದು ತಗಡಿನ ಡಬ್ಬಿಯಲ್ಲಿ ಕೂರಿಸಿ, ಯಂತ್ರದ ಮೇಜಿನ ಕೆಳಗೆ ತಿರುಪು ಬಿಗಿದು, ಹಳೇ ಹುಬ್ಬಳ್ಳಿಯ ಅನ್ನಪೂರ್ಣಾ ಪತ್ತಾರಳಿಗೆ ಮಾರಿದ.

ಅನ್ನಪೂರ್ಣಕ್ಕನದು ಹಿತ್ತಾಳೆ ಹಲಗೆ ಕೆತ್ತುವ ಅಂಗಡಿ. ವಕೀಲರ ಹೆಸರು, ಡಾಕ್ಟರ ಹೆಸರು, ಗುಡಿಗೆ ಗಂಟೆ ಕೊಟ್ಟವರ ಹೆಸರು, ಎಲ್ಲ ಅವಳ ಮೇಜಿನ ಮೇಲೇ ಮೂಡಬೇಕು. ತಂದೆ ಉಳಿಯಿಂದ ಕೆತ್ತುತ್ತಿದ್ದರು. ಅವರ ಕೈ ನಡುಗಲು ತೊಡಗಿದಾಗ ಅವಳು ಯಂತ್ರ ತಂದಳು. ಡಬ್ಬಿಯ ಗಾಳಿಕಿಂಡಿಯಿಂದ ನನಗೆ ಕಾಣುತ್ತಿದ್ದದ್ದು ಅವಳ ಕಾಲುಗಳು, ಸೀರೆಯ ಅಂಚು, ಕೆಳಗೆ ಬಿದ್ದ ಹಿತ್ತಾಳೆಯ ಹುಡಿ. ಮುಖ ಕಾಣುತ್ತಿರಲಿಲ್ಲ, ಮಾತು ಮಾತ್ರ ಕೇಳುತ್ತಿತ್ತು. ಹೆಚ್ಚಾಗಿ ಬೈಗುಳವೇ. ಅಕ್ಷರ ತಪ್ಪಾಗಿ ಬರೆದುಕೊಂಡು ಬಂದವರನ್ನು ಅವಳು ಸುಮ್ಮನೆ ಬಿಡುತ್ತಿರಲಿಲ್ಲ. "ನಿಮ್ಮಪ್ಪನ ಹೆಸರಿಗೆ ಒತ್ತು ಎಲ್ಲಿ ಐತಿ ಅಂತ ನಿಮಗ ಗೊತ್ತಿಲ್ಲೇನ್ರಿ?" ಎಂದು ಕೇಳಿ ವಾಪಸು ಕಳಿಸುತ್ತಿದ್ದಳು.

ಆರು ವರ್ಷ ನಾನು ಒಂದು ಹಳೆಯ ಡೆಸ್ಕ್‌ಟಾಪಿನ ಮಾತು ಕೇಳುತ್ತ ದುಡಿದೆ. ಒಂದು ಬೆಳಗ್ಗೆ ಕರೆಂಟು ಏರಿ ಇಳಿದು ಅದು ಸುಟ್ಟುಹೋಯಿತು. ಅನ್ನಪೂರ್ಣಕ್ಕ ಲ್ಯಾಪ್‌ಟಾಪ್ ಒಂದನ್ನು ತಂದಳು. ಆ ವಾರವೇ ರೇಣವ್ವ ಬಂದಳು.

ಅವಳ ಜೊತೆ ಕಾರ್ಮಿಕ ಸಂಘದ ಹುಲಿಗೆಪ್ಪನಿದ್ದ. ವರ್ಷದ ಹಿಂದೆ ಊರಾಚೆಯ ಒಂದು ಕಾರ್ಖಾನೆಯಲ್ಲಿ ಹೊಲಸು ನೀರಿನ ತೊಟ್ಟಿ ತೊಳೆಯಲು ಇಳಿದ ಇಬ್ಬರು ಉಸಿರುಗಟ್ಟಿ ಬಿದ್ದಿದ್ದರು. ಎಳೆದು ತರಲು ಇಳಿದ ಮೂರನೆಯವನೂ ಮೇಲೆ ಬರಲಿಲ್ಲ. ಆ ಮೂರನೆಯವನು ಹನುಮಂತಪ್ಪ, ರೇಣವ್ವನ ಗಂಡ. ಅಂದು ಬೆಳಗ್ಗೆಯಷ್ಟೇ ಗುತ್ತಿಗೆದಾರ ಅವನನ್ನು ಗೇಟಿನ ಹೊರಗಿನಿಂದ ಕೂಲಿಗೆ ಕರೆದುಕೊಂಡಿದ್ದ. ಹಾಜರಿ ಪುಸ್ತಕದಲ್ಲಿ ಹೆಸರು ಬರೆದಿರಲಿಲ್ಲ. ಆಮೇಲೆ ಕೇಳಿದರೆ, "ಆ ಹೆಸರಿನಾಂವ ನಮ್ಮ ಕಡೆ ಇರಲೇ ಇಲ್ಲ, ಯಾವನೋ ತಾನಾಗೇ ಬಂದು ಬಿದ್ದಾನ" ಎಂದುಬಿಟ್ಟ.

ಸಂಘದವರು ವರ್ಷವಿಡೀ ಜಗಳಾಡಿ ಒಂದು ಮಾತು ಗೆದ್ದಿದ್ದರು. ವರ್ಷ ತುಂಬುವ ಸೋಮವಾರ ಬೆಳಗ್ಗೆ ಹತ್ತಕ್ಕೆ, ಕಾರ್ಮಿಕ ಅಧಿಕಾರಿಯ ಎದುರಿಗೆ, ಸತ್ತವರ ಹೆಸರಿನ ಹಲಗೆಯನ್ನು ಕಾರ್ಖಾನೆಯ ಗೇಟಿನ ಗೋಡೆಗೆ ಹಾಕಬಹುದು. ಆ ದಿನ ತಪ್ಪಿದರೆ ಒಪ್ಪಿಗೆಯೂ ತಪ್ಪಿದಂತೆ. ಎಷ್ಟು ಹೆಸರು ಎಂದು ಕಾಗದದಲ್ಲಿ ಬರೆದಿರಲಿಲ್ಲ. ಕೆತ್ತಲು ಒಪ್ಪಿಕೊಂಡಿದ್ದ ಬೇರೊಂದು ಅಂಗಡಿಯವನು ಶುಕ್ರವಾರ ಹಿಂದೆ ಸರಿದಿದ್ದ.

"ಎರಡು ಹೆಸರಾದ್ರ ಕೆತ್ತತೇನಿ, ಮೂರನೇದು ಬ್ಯಾಡ ಅಂದಾನ್ರಿ" ಎಂದ ಹುಲಿಗೆಪ್ಪ. "ಕಾರ್ಖಾನಿ ಕೆಲಸ ಅವನಿಗೆ ಬರ್ತಾವಂತ."

ಅನ್ನಪೂರ್ಣಕ್ಕ ಬರೆಯುವ ಚೀಟಿ ಎಳೆದುಕೊಂಡಳು. ಆಮೇಲೆ ರೇಣವ್ವನತ್ತ ತಿರುಗಿ, "ಹನುಮಂತಪ್ಪ ಅಂತ ಬರೀಲ್ಯೋ, ಹಣಮಂತಪ್ಪ ಅಂತಲೋ? ಸರಿಯಾಗಿ ಹೇಳವಾ" ಎಂದಳು.

"ಹನುಮಂತಪ್ಪ ರೀ. ಶಾಲಿ ಸರ್ಟಿಫಿಕೇಟಿನ್ಯಾಗ ಹಂಗ ಐತಿ ಅಂತಿದ್ರು."

ಶನಿವಾರ ಬೆಳಗ್ಗೆ ಹಲಗೆಯನ್ನು ಮೇಜಿಗೆ ಬಿಗಿದು ಲ್ಯಾಪ್‌ಟಾಪಿನ ತಂತಿಯನ್ನು ನನಗೆ ಚುಚ್ಚಿದಳು. ಏನೂ ಆಗಲಿಲ್ಲ. ಲ್ಯಾಪ್‌ಟಾಪಿನಿಂದ ಟುಂಯ್ ಎಂಬ ಸದ್ದೂ ಇಲ್ಲ. ನನಗೆ ಗೊತ್ತಿತ್ತು: ಅದು ಮೊಬೈಲ್ ಚಾರ್ಜಿಗೆ ಮಾತ್ರ ಬರುವ ತಂತಿ. ಅದರಲ್ಲಿ ಕರೆಂಟು ಹರಿಯುತ್ತದೆ, ಮಾತು ಹರಿಯುವುದಿಲ್ಲ. ಕಿರುಚೋಣವೆಂದರೆ ನನಗೆ ಬಾಯಿಲ್ಲ. ಒಂದು ತಾಸು ಕಳೆದ ಮೇಲೆ ಅವಳು ಪ್ರಿಂಟರಿನ ತಂತಿ ಕಿತ್ತು ತಂದು ಚುಚ್ಚಿದಳು. ಈಗ ಟುಂಯ್ ಎಂದಿತು. ಆದರೆ ಪರದೆಯ ಮೇಲೆ ನನ್ನ ಹೆಸರಿನ ಜಾಗದಲ್ಲಿ ಹಳದಿ ತ್ರಿಕೋನ, ಪಕ್ಕದಲ್ಲಿ "ಗುರುತಿಸಲಾಗದ ಸಾಧನ" ಎಂಬ ಬರಹ ಎಂದು ಅವಳು ಗಟ್ಟಿಯಾಗಿ ಹೇಳಿಕೊಂಡದ್ದು ಕೇಳಿಸಿತು.

ಗುರುತಿಲ್ಲವಂತೆ! ಆರು ವರ್ಷ ಊರಿನ ಅರ್ಧ ಜನರ ಹೆಸರು ಕೆತ್ತಿದ್ದೇನೆ, ನಾನು ಯಾರೆಂದು ಈ ಲ್ಯಾಪ್‌ಟಾಪಿಗೆ ಗೊತ್ತಿಲ್ಲವಂತೆ.

ಅವಳು ತಂತಿ ತೆಗೆದು ಮತ್ತೆ ಹಾಕಿದಳು. ಲ್ಯಾಪ್‌ಟಾಪಿನ ಬೇರೆ ಕಿಂಡಿಗೆ ಚುಚ್ಚಿದಳು. ಲ್ಯಾಪ್‌ಟಾಪ್ ಆರಿಸಿ ಹಚ್ಚಿದಳು. ಮಧ್ಯಾಹ್ನದ ಊಟ ಬಿಟ್ಟಳು. ಕೊನೆಗೆ ಸುಭಾಸನಿಗೆ ಫೋನ್ ಮಾಡಿದಳು. ಅವನು ಬಂದ, ಬಗ್ಗಿ ನನ್ನನ್ನು ನೋಡಿದ, ಪರದೆ ನೋಡಿದ, ನಕ್ಕ.

"ಬೋರ್ಡು ಹೋಗೇತ್ರಿ ಅಕ್ಕಾರ. ಕಂಪ್ಯೂಟರ್ ಜೋಡಿ ಇದೂ ಸುಟ್ಟೈತಿ. ಹೊಸಾದು ತರಸ್ತೇನಿ, ಹತ್ತು ದಿವಸ ಹಿಡೀತೈತಿ."

"ಸೋಮವಾರಕ್ಕ ಬೇಕು."

"ಆಗೂದಿಲ್ರಿ."

"ಸತ್ತೈತಿ ಅಂತೀರಿ, ಮತ್ತ ಮೋಟರ್ ಯಾಕ ಬಿಗಿ ಹಿಡದೈತಿ? ಕೈಲೆ ತಳ್ಳಿದ್ರೂ ಸರಿಯವಲ್ದು."

ನನ್ನ ಜೀವ ಹಿಗ್ಗಿತು. ಹೌದು, ಮೂರು ಮೋಟರುಗಳನ್ನೂ ನಾನು ಬಿಗಿಯಾಗಿ ಹಿಡಿದೇ ಇದ್ದೆ. ಸತ್ತದ್ದಕ್ಕೆ ಅದು ಸಾಧ್ಯವಿಲ್ಲ.

ಸುಭಾಸನ ನಗು ಒಂದಿಷ್ಟು ಸಣ್ಣದಾಯಿತು. "ನಿಮಗ ಈ ಕಂಪ್ಯೂಟರ್ ವಿಷಯ ತಿಳಿಯೂದಿಲ್ಲ ಬಿಡ್ರಿ" ಎಂದು ಚೀಲ ಹೆಗಲಿಗೇರಿಸಿ ಹೊರಟುಹೋದ.

ಆ ಮಾತು ಅವಳಿಗೆ ಎಲ್ಲಿ ಚುಚ್ಚಿತೋ. ಭಾನುವಾರ ಬೆಳಗ್ಗೆ ಬಾಗಿಲು ತೆಗೆದವಳೇ ತಿರುಪುಗಳನ್ನು ಬಿಚ್ಚಿ ನನ್ನನ್ನು ಬೆಳಕಿಗೆ ತಂದಳು. ಅಂದು ಮೊದಲ ಸಲ ಅವಳ ಮುಖ ಕಂಡೆ. ಕಣ್ಣ ಸುತ್ತ ಕಪ್ಪು, ತುಟಿ ಬಿಗಿ. ತಂದೆಯ ಭೂತಗನ್ನಡಿ ಹಿಡಿದು ಆ ಕಪ್ಪು ಚಿಪ್ಪಿನ ಮೇಲಿನ ಅಕ್ಷರಗಳನ್ನು ಓದಿದಳು. ಜೀವಮಾನವಿಡೀ ಅಕ್ಷರ ಕೆತ್ತಿದವಳ ಕಣ್ಣು. ಸಾಲು ಸೊಟ್ಟಗಿದ್ದದ್ದು, ಒಂದು ಅಕ್ಷರ ದಪ್ಪಗಿದ್ದದ್ದು ತಕ್ಷಣ ಸಿಕ್ಕಿಬಿತ್ತು. ಆಮೇಲೆ ಪರದೆಯ ಹಳದಿ ತ್ರಿಕೋನವನ್ನು ಒತ್ತಿ ಅದರ ಹಿಂದಿನ ಸಣ್ಣ ಅಕ್ಷರಗಳನ್ನೂ ಓದಿದಳು. ಈ ಚಿಪ್ಪಿಗೆ ಇಲ್ಲಿ ಬೆಂಬಲವಿಲ್ಲ, ಮಾರಿದವರನ್ನು ಕೇಳಿ ಎಂದು ಅಲ್ಲಿ ಬರೆದಿತ್ತು.

ಡ್ರೈವರ್ ಎಂದರೆ ಕಂಪ್ಯೂಟರಿನ ಒಳಗೆ ಕೂತು ನನ್ನ ದುಭಾಷಿಯನ್ನು ಒಳಗೆ ಬಿಟ್ಟುಕೊಳ್ಳುವ ತಂತ್ರಾಂಶ. ಹಳೆಯ ಡ್ರೈವರ್ ಯಾರು ಏನು ಎಂದು ಕೇಳುತ್ತಿರಲಿಲ್ಲ. ಈ ಲ್ಯಾಪ್‌ಟಾಪಿನಲ್ಲಿದ್ದ ಹೊಸದು ನಕಲಿ ಚಿಪ್ ಕಂಡರೆ ಬಾಗಿಲು ಹಾಕಿಕೊಳ್ಳುತ್ತಿತ್ತು. ಇಷ್ಟೇ ವಿಷಯ. ಇದು ಸುಭಾಸನಿಗೆ ಶನಿವಾರವೇ ಗೊತ್ತಿತ್ತು.

ಅವಳು ಅವನಿಗೆ ಫೋನ್ ಹಚ್ಚಿದಳು. ಈ ಸಲ ಬಹುವಚನ ಇರಲಿಲ್ಲ.

"ಸುಭಾಸ, ನಕಲಿ ಚಿಪ್ಪಿಂದು ಕೊಟ್ಟೀಯಲ್ಲೋ ನನಗ?"

"ಎಲ್ಲಾರೂ ಅದನ್ನ ಹಾಕ್ತಾರ್ರಿ ಅಕ್ಕಾರ..."

"ಹಾಕಿದಿ, ಹೋಗ್ಲಿ. ಜೀವಂತ ಇದ್ದದ್ದನ್ನ ಸತ್ತೈತಿ ಅಂತ ಹೇಳಿದಿ. ಆರು ವರ್ಷದ ಹಿಂದ ನೀನ ಹಾಕಿಕೊಟ್ಟಿದ್ದ ಹಳೇ ಡ್ರೈವರ್ ನಿನ್ನ ಕಡೆ ಐತಿ. ಈಗಿಂದೀಗ ಕಳಸು. ಇಲ್ಲಂದ್ರ ನಿನ್ನ ಅಂಗಡಿ ಮುಂದ ಬಂದು ನಿಂತು, ಬಂದ ಗಿರಾಕಿಗೆಲ್ಲಾ ಈ ಬೋರ್ಡು ತೋರಸ್ತೇನಿ."

ಕಾಲು ಗಂಟೆಯಲ್ಲಿ ಫೈಲು ಬಂತು.

ಅಷ್ಟರಲ್ಲಿ ರೇಣವ್ವ ಬಂದು ಹೊಸ್ತಿಲ ಬಳಿ ಕೂತಿದ್ದಳು. ಅನ್ನಪೂರ್ಣಕ್ಕ ಹಳೆಯ ಡ್ರೈವರ್ ಹಾಕಿದಳು. ನಾನು ಒಳಗೆ ಹೋದೆ, ಪರದೆಯ ಮೇಲೆ ನನ್ನ ಹೆಸರು ಮೂಡಿತು. ಎರಡು ನಿಮಿಷ ಕಳೆಯುವುದರೊಳಗೆ ಮತ್ತೆ ಹಳದಿ ತ್ರಿಕೋನ. ಅವಳು ಎರಡನೆಯ ಸಲ ಹಾಕಿದಳು, ಮತ್ತೆ ಹಾಗೆಯೇ. ಮೂರನೆಯ ಸಲ ಮೇಜು ಗುದ್ದಿದಳು, ನನ್ನ ಮೈಯೆಲ್ಲ ಅದುರಿತು.

"ಏನ್ ಅಂತೈತ್ರಿ ಅಕ್ಕಾರ ಅದು?" ರೇಣವ್ವ ಮೆಲ್ಲಗೆ ಕೇಳಿದಳು.

"ಇದು ಯಾರು ಅಂತ ಗುರುತ ಇಲ್ಲ ಅಂತೈತವಾ."

ರೇಣವ್ವ ಲ್ಯಾಪ್‌ಟಾಪನ್ನು ದಿಟ್ಟಿಸಿ ನೋಡಿದಳು. "ಇದೂ ಹಂಗ ಅಂತೈತೇನು?" ಎಂದಳು. ನಗಲಿಲ್ಲ, ಅಳಲಿಲ್ಲ. ವರ್ಷವಿಡೀ ಕೇಳಿ ಕೇಳಿ ಬೇಸತ್ತ ದನಿ ಅದು.

ನಾನು ನಕಲಿ, ಒಪ್ಪುತ್ತೇನೆ. ಲ್ಯಾಪ್‌ಟಾಪ್ ನನ್ನನ್ನು ಹೊರಗೆ ನಿಲ್ಲಿಸಿದ್ದಕ್ಕೆ ಒಂದು ಕಾರಣವಾದರೂ ಇತ್ತು. ಹನುಮಂತಪ್ಪನನ್ನು ಹೊರಗಿಟ್ಟದ್ದಕ್ಕೆ ಯಾವ ಕಾರಣವಿತ್ತು? ಅವನು ಅಸಲಿ ಮನುಷ್ಯ. ಇಬ್ಬರನ್ನು ಬದುಕಿಸಲು ಹೋದವನು.

ಅನ್ನಪೂರ್ಣಕ್ಕ ಆ ಮಾತು ಕೇಳಿ ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡಳು. ಆಮೇಲೆ ಅವಳ ಕಣ್ಣು ಪರದೆಯ ಮೂಲೆಗೆ ಹೋಯಿತು. ಪಕ್ಕದಲ್ಲಿದ್ದ ಅವಳ ಮೊಬೈಲಿನಿಂದ ಲ್ಯಾಪ್‌ಟಾಪ್ ತಾನಾಗಿ ಇಂಟರ್‌ನೆಟ್ ಹಿಡಿಯುತ್ತಿತ್ತು, ಹಿಡಿದು ಹೊಸ ಡ್ರೈವರನ್ನು ಮತ್ತೆ ಎಳೆದು ತರುತ್ತಿತ್ತು. "ಕಳ್ಳ ಇಲ್ಲಿದ್ದಾನ" ಎಂದು ಮೊಬೈಲನ್ನೇ ಆರಿಸಿದಳು. ಹೊಸ ಡ್ರೈವರನ್ನು ಬೇರುಸಹಿತ ಅಳಿಸಿದಳು, ಹಳೆಯದನ್ನು ಹಾಕಿದಳು. ಐದು ನಿಮಿಷ ಕಾದಳು. ಹತ್ತು ನಿಮಿಷ. ನಾನು ಒಳಗೇ ಇದ್ದೆ.

ಮೊದಲ ಎರಡು ಹೆಸರು ಸಲೀಸಾಗಿ ಇಳಿದವು. ಮೂರನೆಯದು ಶುರುವಾಯಿತು. ಹ ಮುಗಿದು, ನು ಸುತ್ತುತ್ತಿದ್ದಾಗ ನನ್ನ ಕಿವಿಯೊಳಗೆ ಗುಂಯ್ ಎಂದಿತು, ಮಾತು ಕಡಿದುಹೋಯಿತು. ಮುಂದಿನ ಅಂಕಿ ಬರಲಿಲ್ಲ. ಮೊಳೆ ನಿಂತಲ್ಲೇ ತಿರುಗಿ ಹಿತ್ತಾಳೆಯಲ್ಲಿ ಜೋಳದ ಕಾಳಿನಷ್ಟು ಕುಳಿ ತೋಡಿತು. ಅನ್ನಪೂರ್ಣಕ್ಕ ಓಡಿಬಂದು ಸ್ವಿಚ್ ಆರಿಸಿದಳು.

ತಪ್ಪು ಅವಳದೇ ಆಗಿತ್ತು. ಅವಸರದಲ್ಲಿ ನನ್ನ ಯುಎಸ್‌ಬಿ ತಂತಿಯನ್ನು ಮೊಳೆ ತಿರುಗಿಸುವ ದೊಡ್ಡ ಮೋಟರಿನ ತಂತಿಯ ಜೊತೆ ಸೇರಿಸಿ ಕಟ್ಟಿದ್ದಳು. ಆ ಮೋಟರಿನ ಗದ್ದಲ ನನ್ನ ತಂತಿಗೆ ನುಗ್ಗಿತ್ತು. ಅವಳು ಎರಡನ್ನೂ ಬೇರೆ ಮಾಡಿದಳು, ಅದೂ ಗದ್ದಲ ತರದಿರಲಿ ಎಂದು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಳು, ಯಂತ್ರಕ್ಕೆ ಅರ್ಥಿಂಗ್ ತಂತಿ ಬಿಗಿದಳು. ಆಮೇಲೆ ಕುಳಿಯ ಮೇಲೆ ಬೆರಳಿಟ್ಟು ಕೂತುಬಿಟ್ಟಳು.

"ಇವತ್ತ ಭಾನುವಾರ, ಬ್ಯಾರೆ ಹಿತ್ತಾಳಿ ಎಲ್ಲಿಂದ ತರ್ಲಿ? ಹಾಳ ಮಾಡಿದೆ ನೋಡವಾ. ಅವನ ಹೆಸರೇ ಸಿಗಬೇಕಿತ್ತೇನು ನನಗ."

ರೇಣವ್ವ ಎದ್ದು ಬಂದಳು. ಅವಳಿಗೆ ಓದು ಬಾರದು. ಆ ಗಾಯವನ್ನು ಬೆರಳಿನಿಂದ ಸವರಿದಳು.

"ಇರ್ಲಿ ಬಿಡ್ರಿ ಅಕ್ಕಾರ. ಪೆಟ್ಟ ಬಿದ್ದದ್ದು ಕಾಣ್ಲಿ."

ಸಂಜೆಯ ಹೊತ್ತಿಗೆ ಹೆಸರು ಪೂರ್ತಿಯಾಯಿತು, ನಾನು ಮತ್ತೆ ಮೇಜಿನ ಕೆಳಗಿನ ಡಬ್ಬಿ ಸೇರಿದೆ.

ಸೋಮವಾರ ನಡೆದದ್ದನ್ನು ನಾನು ಕಂಡಿಲ್ಲ, ಅನ್ನಪೂರ್ಣಕ್ಕ ಅಂಗಡಿಯಲ್ಲಿ ಹೇಳಿದ್ದನ್ನು ಕೇಳಿದ್ದೇನೆ. ಹಲಗೆಯ ಮೇಲಿನ ಬಟ್ಟೆ ತೆಗೆದಾಗ ಗುತ್ತಿಗೆದಾರ, ಮೂರನೆಯದನ್ನು ಒರೆಸಿ ಎಂದು ಕೂಗಾಡಿದನಂತೆ. ಹಿತ್ತಾಳೆಯಲ್ಲಿ ಕೆತ್ತಿದ್ದನ್ನು ಒರೆಸುವುದು ಹೇಗೆ ಎಂದು ಹುಲಿಗೆಪ್ಪ ಕೇಳಿದನಂತೆ. ಅಧಿಕಾರಿ ಮೂರೂ ಹೆಸರುಗಳನ್ನು ಗಟ್ಟಿಯಾಗಿ ಓದಿ, ಓದಿದ್ದನ್ನು ಹಾಗೆಯೇ ಬರೆದುಕೊಂಡರಂತೆ.

ಮರುದಿನ ಗುತ್ತಿಗೆದಾರ ಅಂಗಡಿಗೇ ಬಂದ. ಮಿರಿಮಿರಿ ಮಿಂಚುವ ಬೂಟುಗಳು ನನ್ನ ಕಿಂಡಿಯ ಎದುರಿಗೆ ನಿಂತವು.

"ಯಾರನ್ನ ಕೇಳಿ ಕೆತ್ತೀರಿ ಆ ಹೆಸರು?"

"ಅವನ ಹೇಣ್ತಿನ್ನ ಕೇಳಿ" ಎಂದಳು ಅನ್ನಪೂರ್ಣಕ್ಕ. "ನಿಮ್ಮ ಹೆಸರೂ ಹೇಳ್ರಿ, ಅದನ್ನೂ ಕೆತ್ತತೇನಿ. ಕೂಲಿಗೆ ಕರದಾಂವ ಇಂವ ಅಂತ ಅದರ ಕೆಳಗ ಹಾಕೂಣು."

ಬೂಟುಗಳು ಹೊರಟುಹೋದವು.

ಕಾರ್ಖಾನೆಯ ಆ ಗೇಟಿನಲ್ಲಿ ಮಾಬುಸಾಬ ಎಂಬ ಕಾವಲುಗಾರನಿದ್ದ. ಕೆಲಸ ಹೋದೀತೆಂದು ವರ್ಷವಿಡೀ ಬಾಯಿ ಬಿಟ್ಟಿರಲಿಲ್ಲ. ದಿನವೂ ಗೇಟು ತೆಗೆಯುವಾಗ ಆ ಹಲಗೆ ಅವನ ಮುಖದ ಎದುರಿಗೇ ಇರುತ್ತಿತ್ತು. ನಾಲ್ಕು ತಿಂಗಳು ತಡೆದುಕೊಂಡ. ಐದನೆಯ ತಿಂಗಳು ಸಂಘದ ಕಚೇರಿಗೆ ಹೋಗಿ, "ಆ ದಿವಸ ಹನುಮಂತಪ್ಪನ್ನ ಒಳಗ ಬಿಟ್ಟಾಂವ ನಾನ ರೀ, ಗೇಟಿನ ಹೊರಗ ಗುತ್ತಿಗೆದಾರ ತನ್ನ ಗಾಡಿ ಹತ್ತಿಸ್ಕೊಂಡು ತಂದಿದ್ದ" ಎಂದ. ರೇಣವ್ವನ ಪರವಾಗಿ ಸಂಘ ಹೂಡಿದ್ದ ದಾವೆಯಲ್ಲಿ ನ್ಯಾಯಾಲಯದ ಎದುರಿಗೂ ಅದನ್ನೇ ಹೇಳಿದ. ಅವನ ಕೆಲಸ ಹೋಯಿತು. ರೇಣವ್ವನ ಗಂಡ ಆ ದಿನ ಅಲ್ಲಿ ಕೂಲಿಯಾಗಿದ್ದ ಎಂದು ತೀರ್ಪು ಬಂತು. ಮಾಬುಸಾಬನಿಗೆ ಸಂಘದವರು ತಮ್ಮ ಕಚೇರಿಯಲ್ಲೇ ಜಾಗ ಕೊಟ್ಟರು.

ಅನ್ನಪೂರ್ಣಕ್ಕ ಇನ್ನೂ ಒಂದು ಕೆಲಸ ಮಾಡಿದಳು. ಸುಭಾಸನಿಂದ ಯಂತ್ರ ಕೊಂಡ ಹನ್ನೊಂದು ಅಂಗಡಿಗಳನ್ನು ಹುಡುಕಿಕೊಂಡು ಹೋಗಿ ಹಳೆಯ ಡ್ರೈವರ್ ಕೊಟ್ಟು ಬಂದಳು. ಅವರಲ್ಲಿ ನಾಲ್ವರು ಆಗಲೇ ಅವನ ಮಾತು ನಂಬಿ, ನನ್ನಂಥ ಜೀವಂತ ಬೋರ್ಡುಗಳನ್ನು ಗುಜರಿಗೆ ಎಸೆದಿದ್ದರು.

ಈಗ ನನಗೆ ವಯಸ್ಸಾಗಿದೆ. ಒಂದು ಮೋಟರಿಗೆ ನನ್ನ ಮಾತು ತಲುಪುವುದಿಲ್ಲ. ಅಂಗಡಿಗೆ ಹೊಸ ಯಂತ್ರ ಬಂದಿದೆ. ನಾನು ಮೇಜಿನ ಖಾನೆಯಲ್ಲಿ, ಸವೆದ ಮೊಳೆಗಳ ನಡುವೆ ಮಲಗಿದ್ದೇನೆ. ವಯಸ್ಸಾದ ವಸ್ತುಗಳಿಗೆ ಮನಸ್ಸು ತಣ್ಣಗಾಗುತ್ತದೆ ಎನ್ನುತ್ತಾರೆ. ನನಗೆ ಆಗಿಲ್ಲ. ಇದ್ದವನನ್ನು ಇರಲಿಲ್ಲ ಎನ್ನುವುದು ಎಷ್ಟು ಸುಲಭ, ಇದ್ದ ಎಂದು ತೋರಿಸಲು ಎಷ್ಟು ಜನ ಎಷ್ಟು ದಿನ ಸವೆಯಬೇಕು ಎಂಬುದನ್ನು ನೋಡಿದ್ದೇನೆ.

ಮೊನ್ನೆ ಇನ್ನೊಂದು ಊರಿನಿಂದ ಒಬ್ಬ ಹೆಂಗಸು ಬಂದಿದ್ದಳು. ಇನ್ನೊಂದು ಕಾರ್ಖಾನೆ, ಇನ್ನೊಂದು ತೊಟ್ಟಿ. ನಾಲ್ಕು ಹೆಸರಿನ ಚೀಟಿ ತಂದಿದ್ದಳು. ಅನ್ನಪೂರ್ಣಕ್ಕ ಅದನ್ನು ಕೊನೆಯವರೆಗೂ ಓದಿದಳು. ಆಮೇಲೆ ಅವಳ ದನಿ ಕೇಳಿತು. ಎಷ್ಟು ವರ್ಷ ಕಳೆದರೂ ಅದೇ ಖಾರ.

"ಎಲ್ಲಾ ಹೆಸರೂ ಅದಾವೇನವಾ ಇದರಾಗ? ನೆಪ್ಪ ಮಾಡ್ಕೊಂಡು ಹೇಳು. ಯಾರನ್ನೂ ಬಿಟ್ಟಿಲ್ಲಲ್ಲ?"